ಮಲೆನಾಡಿನ ಸಣ್ಣ ಶಾಲೆಯಲ್ಲಿ ಆಟದ ಪಾಠ: ಜೂನ್‌ನಿಂದ ಮಾರ್ಚ್‌ವರೆಗೆ ಹೀಗೆ ನಡೆಸಿ

ಹೊಸನಗರ, ತೀರ್ಥಹಳ್ಳಿ, ಸಾಗರ ಕಡೆಯ ಹಳ್ಳಿ ಶಾಲೆಗಳಲ್ಲಿ ಆಟದ ಪೀರಿಯಡ್ ಎಂದರೆ ಸಾಮಾನ್ಯವಾಗಿ ಎರಡೇ ಬಗೆ. ಒಂದು, ‘ಹೋಗಿ ಆಡ್ಕೊಳ್ಳಿ’ ಅಂತ ಮಕ್ಕಳನ್ನು ಹೊರಗೆ ಬಿಡುವುದು. ಇನ್ನೊಂದು, ಹೋಬಳಿ ಮಟ್ಟದ ಕ್ರೀಡಾಕೂಟ ಹತ್ತಿರ ಬಂದಾಗ ಚುರುಕಾದ ಏಳೆಂಟು ಮಕ್ಕಳನ್ನು ಆರಿಸಿಕೊಂಡು ಎರಡು ವಾರ ಓಡಿಸುವುದು. ಎರಡರಲ್ಲೂ ಒಂದಷ್ಟು ಮಕ್ಕಳು ಜಗಲಿ ಕಟ್ಟೆ ಮೇಲೆ ಕೂತೇ ಇರುತ್ತಾರೆ. ಮೈ ದಪ್ಪ ಇರುವ ಹುಡುಗ, ನಾಚಿಕೆಯ ಹುಡುಗಿ, ಕಾಲು ಸ್ವಲ್ಪ ಎಳೆದು ನಡೆಯುವ ಮಗು. ಕಪ್ ಗೆದ್ದು ತರುವುದು ಸಂತೋಷದ ವಿಷಯವೇ. ಆದರೆ ಶಾಲೆಯ ಕ್ರೀಡಾ ಕಾರ್ಯಕ್ರಮ ಇರುವುದು ಮೊದಲು ಆ ಕಟ್ಟೆ ಮೇಲೆ ಕೂತ ಮಕ್ಕಳಿಗಾಗಿ ಎಂದು ನನ್ನ ನಂಬಿಕೆ. ದಿನಾ, ಎಲ್ಲ ಮಕ್ಕಳೂ ಮೈ ಬಗ್ಗಿಸಬೇಕು. ಅದಕ್ಕೆ ದಾರಿ ಏನು ಅಂತ ಇಲ್ಲಿ ಬರೆಯುತ್ತೇನೆ.

ಬಹಳ ಕಡೆ ದೈಹಿಕ ಶಿಕ್ಷಣ ಶಿಕ್ಷಕರು ಇರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಬೇಕು ಎನ್ನುತ್ತದೆ. ಆದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರ ಮಾತು ಬರುವುದು 6ರಿಂದ 8ನೇ ತರಗತಿಯಲ್ಲಿ 100ಕ್ಕಿಂತ ಜಾಸ್ತಿ ಮಕ್ಕಳಿದ್ದಾಗ. ನಮ್ಮ ಕಡೆ ಇಡೀ ಶಾಲೆಯಲ್ಲೇ ಮೂವತ್ತು ಮಕ್ಕಳಿರುವುದು ಮಾಮೂಲು. ಹಾಗಾಗಿ ಕನ್ನಡ, ಗಣಿತ ಹೇಳಿಕೊಡುವ ಮೇಷ್ಟ್ರು, ಟೀಚರ್‌ಗಳೇ ಆಟವನ್ನೂ ಕಲಿಸಬೇಕು. ಈ ಬರಹ ಅವರಿಗೆ.

ಶಾಲೆ ಶುರುವಾಗುವ ಮೊದಲು ಅಂಗಳ ಸುತ್ತಿ

ಮೇ ಕೊನೆಯಲ್ಲಿ ಒಂದು ಬೆಳಿಗ್ಗೆ ಅಂಗಳದಲ್ಲಿ ನಿಧಾನ ನಡೆಯಿರಿ. ಜೊತೆಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರೊಬ್ಬರನ್ನು ಕರೆದುಕೊಳ್ಳಿ, ಯಾಕೆಂದರೆ ಕೆಲಸ ಬಂದಾಗ ಅವರೇ ಬೇಕು. ನೋಡಬೇಕಾದ್ದು ಇಷ್ಟು. ನೀರು ಯಾವ ಕಡೆ ಹರಿಯುತ್ತದೆ? ಜಂಬಿಟ್ಟಿಗೆ ಕಲ್ಲಿನ ಮೊನೆ ಎಲ್ಲೆಲ್ಲಿ ಎದ್ದಿದೆ? ಅಂಗಳದ ಅಂಚಿನ ಧರೆ (ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ) ಗಟ್ಟಿ ಇದೆಯಾ, ಬಿರುಕು ಬಿಟ್ಟಿದೆಯಾ? ಬಾವಿಗೆ ಕಟ್ಟೆ ಮತ್ತು ಮುಚ್ಚಳ ಇದೆಯಾ? ಒಣಗಿದ ಕೊಂಬೆ, ಹೆಜ್ಜೇನು ಕಟ್ಟಿದ ಮರ, ಜೋತುಬಿದ್ದ ಕರೆಂಟ್ ತಂತಿ ಏನಾದರೂ ಇದೆಯಾ?

ಧರೆಯ ವಿಷಯ ಒಂದು ಮಾತು ಒತ್ತಿ ಹೇಳಬೇಕು. ಗುಡ್ಡ ಕಡಿದು ಶಾಲೆ ಕಟ್ಟಿದ ಕಡೆ ಜಡಿಮಳೆಯಲ್ಲಿ ಧರೆ ಕುಸಿಯುತ್ತದೆ. ಧರೆಯ ಬುಡದಿಂದ ಅದರ ಎತ್ತರದಷ್ಟಾದರೂ ದೂರಕ್ಕೆ ಗೆರೆ ಎಳೆದು, ಮಳೆಗಾಲ ಮುಗಿಯುವವರೆಗೆ ಆ ಕಡೆ ಆಟ ಬೇಡ ಅಂತ ಮಕ್ಕಳಿಗೆ ಹೇಳಿ. ಚೆಂಡು ಹೋದರೆ ಹೋಗಲಿ, ದೊಡ್ಡವರು ತರುತ್ತಾರೆ.

ಆಮೇಲೆ ಒಂದು ಭಾನುವಾರ ಶ್ರಮದಾನ ಇಡಿ. ಗಿಡಗಂಟಿ ಸವರುವುದು, ಕಲ್ಲಿನ ಮೊನೆ ಒಡೆಯುವುದು, ಅಂಗಳದ ಮೇಲ್ಗಡೆ ಒಂದು ಕಾಲುವೆ ತೆಗೆದು ಗುಡ್ಡದ ನೀರನ್ನು ಪಕ್ಕಕ್ಕೆ ತಿರುಗಿಸುವುದು. ಈ ಕಾಲುವೆ ಒಂದಿದ್ದರೆ ಅಂಗಳದ ಮೇಲ್ಮಣ್ಣು ಕೊಚ್ಚಿ ಹೋಗುವುದಿಲ್ಲ, ಅಕ್ಟೋಬರ್‌ನಲ್ಲಿ ಆಟ ಬೇಗ ಶುರು ಮಾಡಬಹುದು. ಜೆಸಿಬಿ ತಂದು ಇಡೀ ಅಂಗಳ ಸಮ ಮಾಡಿಸುವ ಆಸೆ ಎಲ್ಲರಿಗೂ ಇರುತ್ತದೆ. ದುಡ್ಡು ಒದಗಿದರೂ ಮಳೆಗಾಲದ ಹೊಸ್ತಿಲಲ್ಲಿ ಆ ಕೆಲಸಕ್ಕೆ ಕೈ ಹಾಕಬೇಡಿ. ಸಡಿಲ ಮಣ್ಣು ಒಂದೇ ಮಳೆಗೆ ಕೆಸರಾಗುತ್ತದೆ.

ಒಂದು ನೋಟ್‌ಬುಕ್, ಮಗುವಿಗೊಂದು ಪುಟ

ಯಾವ ಮಗುವಿಗೆ ದಮ್ಮು ಇದೆ, ಯಾರಿಗೆ ಫಿಟ್ಸ್ ಬರುತ್ತದೆ, ಯಾರ ಹೃದಯದಲ್ಲಿ ತೊಂದರೆ ಇದೆ ಎಂದು ವೈದ್ಯರು ಹೇಳಿದ್ದಾರೆ, ಯಾರಿಗೆ ಕಣ್ಣು ಮಂಜು. ಇದನ್ನು ಜೂನ್‌ನಲ್ಲೇ ಪೋಷಕರನ್ನು ಕೇಳಿ ಬರೆದುಕೊಳ್ಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಅವರು ಕಂಡದ್ದನ್ನೂ ಇದೇ ಪುಟಕ್ಕೆ ಸೇರಿಸಿ. ಬೆಳಿಗ್ಗೆ ತಿಂಡಿ ತಿಂದು ಬರುತ್ತದೆಯೋ ಇಲ್ಲವೋ, ಎಷ್ಟು ದೂರ ನಡೆದು ಬರುತ್ತದೆ ಅನ್ನುವುದೂ ಇರಲಿ. ಖಾಲಿ ಹೊಟ್ಟೆಯಲ್ಲಿ ಮೂರು ಕಿಲೋಮೀಟರ್ ನಡೆದು ಬಂದ ಮಗುವನ್ನು ಪ್ರಾರ್ಥನೆ ಮುಗಿದ ಕೂಡಲೇ ಓಡಿಸಿದರೆ ತಲೆ ಸುತ್ತಿ ಬೀಳುತ್ತದೆ.

‘ನಮ್ಮ ಮಕ್ಕಳು ಹೇಗೂ ನಡೀತಾರಲ್ಲ, ಮತ್ತೆ ವ್ಯಾಯಾಮ ಯಾಕೆ?’ ಅಂತ ಕೇಳುವವರಿದ್ದಾರೆ. ನಡಿಗೆ ಒಳ್ಳೆಯದೇ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚೆನ್ನಾಗಿ ಮೈ ಬಳಸುವ ಚಟುವಟಿಕೆ ಬೇಕು, ವಾರದಲ್ಲಿ ಮೂರು ದಿನವಾದರೂ ಸ್ನಾಯು ಮತ್ತು ಮೂಳೆ ಗಟ್ಟಿಯಾಗುವಂಥದ್ದು ಅದರಲ್ಲಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಡಿಗೆಯಿಂದ ಒಂದು ಪಾಲು ತುಂಬಬಹುದು. ಎಸೆಯುವುದು, ಹಿಡಿಯುವುದು, ಜಿಗಿಯುವುದು, ಸಮತೋಲ ಇವನ್ನು ಯಾರಾದರೂ ಕಲಿಸಲೇಬೇಕು. ಅದೂ ಅಲ್ಲದೆ ಈಗ ಎಷ್ಟೋ ಮಕ್ಕಳು ಆಟೋದಲ್ಲಿ, ಅಪ್ಪನ ಬೈಕಿನಲ್ಲಿ ಬರುತ್ತಾರೆ.

ವೇಳಾಪಟ್ಟಿ: ದಿನಾ 20 ನಿಮಿಷ

ವಾರಕ್ಕೆ ಎರಡು ದೊಡ್ಡ ಪೀರಿಯಡ್‌ಗಿಂತ ದಿನಾ 20 ನಿಮಿಷ ಮೇಲು. ಅದರ ಜೊತೆಗೆ ವಾರಕ್ಕೊಂದು 40 ನಿಮಿಷದ ಪೂರ್ತಿ ಪಾಠ ಇರಲಿ. ಕೊನೆಯ ಪೀರಿಯಡ್‌ಗೆ ತಳ್ಳಬೇಡಿ. ಮೋಡ ಮುಸುಕಿದ ದಿನ ಕಾಡುದಾರಿಯಲ್ಲಿ ಮನೆಗೆ ಹೋಗಬೇಕಾದ ಮಕ್ಕಳ ಗಮನ ಆಗಲೇ ಮನೆ ಕಡೆ ಇರುತ್ತದೆ. ಬಿಸಿಯೂಟದ ನಂತರದ ಒಂದು ಗಂಟೆಯೂ ಬೇಡ. ಬೆಳಗಿನ ಹಾಲು ಕುಡಿದು ಸ್ವಲ್ಪ ಹೊತ್ತಾದ ಮೇಲೆ, ಊಟಕ್ಕೆ ಮೊದಲು ಇಟ್ಟುಕೊಂಡರೆ ಎಲ್ಲರಿಗೂ ಅನುಕೂಲ.

ಎರಡು ನಿಯಮ ಗೋಡೆಗೆ ಬರೆದಿಡಿ. ತಪ್ಪು ಮಾಡಿದ ಮಗುವಿಗೆ ಶಿಕ್ಷೆಯಾಗಿ ಬಸ್ಕಿ, ಅಂಗಳ ಸುತ್ತುವುದು ಇಲ್ಲ. ಹೋಂವರ್ಕ್ ಮಾಡದ ಮಗುವಿನ ಆಟ ಕಿತ್ತುಕೊಳ್ಳುವುದೂ ಇಲ್ಲ. ಓಡುವುದನ್ನೇ ಶಿಕ್ಷೆ ಮಾಡಿದರೆ ಆ ಮಗು ಮುಂದೆ ಯಾಕೆ ಖುಷಿಯಿಂದ ಓಡುತ್ತದೆ ಹೇಳಿ?

ಮಳೆಗಾಲ: ಜಗಲಿಯೇ ಮೈದಾನ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಶಿಕಾರಿಪುರ, ಭದ್ರಾವತಿ ಕಡೆ ಇಷ್ಟಿಲ್ಲ, ಅಲ್ಲಿ ಜುಲೈನಲ್ಲೂ ಹೊಳವು, ಅಂದರೆ ಮಳೆ ನಿಂತ ಬಿಡುವು, ಸಿಗುತ್ತದೆ. ನಿಮ್ಮ ಊರು ಯಾವ ಕಡೆ ಅನ್ನುವುದನ್ನು ನೋಡಿ ಯೋಜನೆ ಮಾಡಿ. ಘಟ್ಟದ ಅಂಚಿನ ಶಾಲೆಗಳಿಗೆ ನಾಲ್ಕು ತಿಂಗಳು ಮೈದಾನ ಇಲ್ಲ ಎಂದೇ ಲೆಕ್ಕ. ಆ ನಾಲ್ಕು ತಿಂಗಳನ್ನು ಸುಮ್ನೆ ಕಳೆಯುವುದೇ ನಮ್ಮ ದೊಡ್ಡ ನಷ್ಟ. ಸಮತೋಲ, ಮೈ ಬಾಗುವಿಕೆ, ಕೈಗಳ ಚುರುಕು, ಹೊಟ್ಟೆ ಬೆನ್ನಿನ ಬಲ ಇವಕ್ಕೆಲ್ಲ ಮೈದಾನ ಬೇಕಿಲ್ಲ.

ಮೊದಲು ನೆಲ ನೋಡಿ. ಗಾಳಿ ಮಳೆಗೆ ಎರಚಲು ಬಡಿದು ಜಗಲಿ ಒದ್ದೆಯಾಗಿರುತ್ತದೆ. ಒಂದು ಗೋಣಿಚೀಲದಲ್ಲಿ ಒರೆಸಿ, ಪಾಚಿ ಕಟ್ಟಿದ ಕಡೆ ಪೊರಕೆ ಮತ್ತು ಬ್ಲೀಚಿಂಗ್ ಪುಡಿಯಲ್ಲಿ ಉಜ್ಜಿಸಿ. ಈ ಉಜ್ಜುವ ಕೆಲಸ ದೊಡ್ಡವರದು. ಒದ್ದೆ ಜಗಲಿಯಲ್ಲಿ ಓಟ ಬೇಡವೇ ಬೇಡ. ನಿಂತಲ್ಲೇ, ಕೂತಲ್ಲೇ ಮಾಡುವುದನ್ನು ಆರಿಸಿ. ಮಕ್ಕಳು ನೆನೆದ ಯೂನಿಫಾರ್ಮಿನಲ್ಲೇ ಬಂದಿದ್ದರೆ ಮೊದಲು ತಲೆ ಒರೆಸಲಿ. ಮೈ ಬಿಸಿಯಾಗುವ ಆಟ ಬೇಗ ಶುರು ಮಾಡಿ.

ಜಗಲಿಯಲ್ಲಿ ನಡೆಯುವ ಕೆಲವು ಆಟಗಳು ಹೀಗಿವೆ. ಒಂಟಿ ಕಾಲಿನಲ್ಲಿ ಒಂದು ನಿಮಿಷ ನಿಲ್ಲುವುದು. ಎಷ್ಟು ಸಲ ಕಾಲು ಕೆಳಗಿಟ್ಟರು ಎಂದು ಜೊತೆಯ ಮಗು ಎಣಿಸಲಿ, ಆಮೇಲೆ ಇನ್ನೊಂದು ಕಾಲು. ಮೇಜಿನ ಮೇಲೆ 60 ಸೆಂಟಿಮೀಟರ್ ದೂರದಲ್ಲಿ ಎರಡು ದುಂಡು ರಟ್ಟು ಇಟ್ಟು, ನಡುವೆ ಒಂದು ಕೈ ಊರಿ, ಇನ್ನೊಂದು ಕೈಯಲ್ಲಿ ಅತ್ತಿತ್ತ 25 ಸುತ್ತು ತಟ್ಟುವುದು. ಇವೆರಡೂ ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಫಿಟ್ನೆಸ್ ಅಳತೆಯಲ್ಲಿ 5ರಿಂದ 8 ವರ್ಷದ ಮಕ್ಕಳಿಗೆ ಇರುವ ಪರೀಕ್ಷೆಗಳು. ಆಟದ ಹಾಗೆ ಆಡಿಸಿದರೆ ಅಭ್ಯಾಸವೂ ಆಯಿತು. ಹಗ್ಗದಾಟ ಅಂದರೆ ಸ್ಕಿಪ್ಪಿಂಗ್, ಆದರೆ ಒಣ ನೆಲ ಇದ್ದರೆ ಮಾತ್ರ. ಕುಂಟೆಬಿಲ್ಲೆಗೆ ಸೀಮೆಸುಣ್ಣದಲ್ಲಿ ಮನೆ ಬರೆದರೆ ಸಾಕು. ಒಂದು ಕಾಲಿನ ಬಲ, ಗುರಿ, ಸಮತೋಲ ಮೂರೂ ಅದರಲ್ಲಿವೆ, ಅದನ್ನು ಹುಡುಗಿಯರ ಆಟ ಅಂತ ಬದಿಗಿಡಬೇಡಿ. ಹುಡುಗರೂ ಕುಂಟಲಿ.

ಯೋಗ ಹೇಗೂ ಜೂನ್ 21ಕ್ಕೆ ಬಂದೇ ಬರುತ್ತದೆ. ಆ ಒಂದು ದಿನದ ಫೋಟೋಗೆ ನಿಲ್ಲಿಸದೆ ಸೂರ್ಯ ನಮಸ್ಕಾರದ ಒಂದೊಂದು ಭಂಗಿಯನ್ನು ಎರಡೆರಡು ದಿನ ಕಲಿಸಿ, ಆಗಸ್ಟ್ ಹೊತ್ತಿಗೆ ಮಕ್ಕಳಿಗೆ ಪೂರ್ತಿ ಬರುತ್ತದೆ. ಬೆನ್ನು ಬಾಗಿಸುವಾಗ ಒಬ್ಬರನ್ನೊಬ್ಬರು ತಳ್ಳಬಾರದು ಅನ್ನುವುದನ್ನು ದಿನಾ ಹೇಳಬೇಕು. ತೀರಾ ಜೋರು ಮಳೆ, ಹಂಚಿನ ಸದ್ದಿಗೆ ಮಾತೇ ಕೇಳುತ್ತಿಲ್ಲ ಅಂದರೆ ಚೌಕಾಬಾರ, ಚೆನ್ನೆಮಣೆ, ಚೆಸ್ ತೆಗೆಯಿರಿ. ಅವು ಮೈಗೆ ವ್ಯಾಯಾಮ ಅಲ್ಲ. ಸರದಿ ಕಾಯುವುದು, ಸೋತಾಗ ಸಿಟ್ಟಾಗದೆ ಮತ್ತೆ ಕೂರುವುದು ಅದರಲ್ಲೇ ಬರುತ್ತದೆ.

ಹೊಳವಾದ ದಿನ ಮಾತ್ರ ಪಾಠ ಅದಲು ಬದಲು ಮಾಡಿಯಾದರೂ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ. ಬಿಸಿಲು ಕಂಡ ಅರ್ಧ ಗಂಟೆ ಆ ವಾರಕ್ಕೆ ಅದೊಂದೇ ಇರಬಹುದು.

ಒಂದು ಪಾಠದ ಒಳಗೆ ಏನಿರಬೇಕು

40 ನಿಮಿಷದಲ್ಲಿ ಮೊದಲ ಏಳೆಂಟು ನಿಮಿಷ ಮೈ ಬಿಸಿ ಮಾಡುವುದು. ಸಾಲಾಗಿ ನಿಲ್ಲಿಸಿ ‘ಏಕ್, ದೋ, ತೀನ್’ ಕವಾಯತು ಮಾಡಿಸುವುದಕ್ಕಿಂತ ಮುಟ್ಟಾಟ, ಕೆರೆ-ದಡ ಆಡಿಸಿ. ಮುಂದಿನ 15 ನಿಮಿಷ ಒಂದೇ ಒಂದು ಕೌಶಲ. ಆಮೇಲೆ ಆ ಕೌಶಲ ಬಳಸುವ ಆಟ. ಕೊನೆಗೆ ಮೂರು ನಿಮಿಷ ನಿಧಾನ ನಡೆದು, ಮೈ ಸಡಿಲ ಮಾಡಿ, ಕೈಕಾಲು ತೊಳೆದು, ನೀರು ಕುಡಿದು ಒಳಗೆ.

ಕೌಶಲ ಕಲಿಸುವುದು ಅಂದರೆ ಹೇಗೆ? ಚೆಂಡು ಹಿಡಿಯುವುದನ್ನೇ ತೆಗೆದುಕೊಳ್ಳೋಣ. ನಾಲ್ಕನೇ ತರಗತಿಗೆ ಬಂದರೂ ಚೆಂಡು ಬಂದ ಕೂಡಲೇ ಕಣ್ಣು ಮುಚ್ಚಿ ಮುಖ ತಿರುಗಿಸುವ ಮಕ್ಕಳಿದ್ದಾರೆ. ಅವರಿಗೆ ‘ಹೆದರಬೇಡ’ ಅಂದರೆ ಏನೂ ಆಗುವುದಿಲ್ಲ. ಒಂದು ತೆಳು ಪ್ಲಾಸ್ಟಿಕ್ ಕವರ್ ಕೊಡಿ. ಮೇಲೆ ಹಾರಿಸಿದರೆ ಅದು ತೇಲುತ್ತಾ ನಿಧಾನ ಇಳಿಯುತ್ತದೆ. ಮಗು ಅದನ್ನೇ ನೋಡುತ್ತಾ ಹಿಡಿಯುತ್ತದೆ. ಎರಡು ದಿನ ಇದೇ ಆಟ. ಆಮೇಲೆ ಹಳೇ ಸಾಕ್ಸಿನೊಳಗೆ ಬಟ್ಟೆ ಚೂರು ತುಂಬಿ ಹೊಲಿದ ಚೆಂಡು. ಅದನ್ನು ತಾನೇ ಎದೆಮಟ್ಟಕ್ಕೆ ಹಾರಿಸಿ ಎರಡೂ ಕೈಯಲ್ಲಿ ಹಿಡಿಯಲಿ. ಬಂದ ಮೇಲೆ, ಹಾರಿಸಿ ಒಂದು ಚಪ್ಪಾಳೆ ತಟ್ಟಿ ಹಿಡಿಯಲಿ. ನಂತರ ಎರಡು ಮೀಟರ್ ದೂರದಲ್ಲಿ ಜೊತೆಗಾರ. ಚೆಂಡು ಎದೆಗಿಂತ ಕೆಳಗೆ ಬಂದರೆ ಎರಡೂ ಕಿರುಬೆರಳು ಒಟ್ಟಿಗೆ, ಮೇಲೆ ಬಂದರೆ ಎರಡೂ ಹೆಬ್ಬೆರಳು ಒಟ್ಟಿಗೆ. ಚೆಂಡು ಕೈಗೆ ತಾಗಿದಾಗ ಮೊಣಕೈ ಮಡಚಿ ಮೈ ಕಡೆ ಎಳೆದುಕೊಳ್ಳಬೇಕು, ಆಗ ಅದು ಪುಟಿದು ಹೋಗುವುದಿಲ್ಲ. ರಬ್ಬರ್ ಚೆಂಡು ಕೊನೆಗೆ. ಎರಡು ವಾರ ಹೀಗೆ ಮಾಡಿದರೆ ಲಗೋರಿಯಲ್ಲಿ ದೂರ ನಿಲ್ಲುತ್ತಿದ್ದ ಆ ಹುಡುಗಿ ತಾನೇ ಮುಂದೆ ಬಂದು ನಿಲ್ಲುತ್ತಾಳೆ. ಆ ಮುಖ ನೋಡಿದವರು ಆಟದ ಪೀರಿಯಡ್ ಬಿಟ್ಟುಕೊಡುವುದಿಲ್ಲ.

ಎಸೆತಕ್ಕೂ ಹೀಗೇ ಒಂದು ಗುಟ್ಟಿದೆ. ಬಲಗೈಯಲ್ಲಿ ಎಸೆಯುವ ಮಗು ಎಡಗಾಲು ಮುಂದಿಡಬೇಕು. ಎಷ್ಟೋ ಹುಡುಗಿಯರಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದೇ ಇಲ್ಲ. ಜಿಗಿತದಲ್ಲಿ ನೋಡಬೇಕಾದ್ದು ಇಳಿಯುವುದನ್ನು. ಮೊಣಕಾಲು ಮಡಚಿ, ಸದ್ದಾಗದ ಹಾಗೆ ಇಳಿಯಲಿ.

ಕಾಯುವ ಸಮಯ ಕಡಿಮೆ ಮಾಡಿ. ಇಪ್ಪತ್ತು ಮಕ್ಕಳಿಗೆ ಒಂದೇ ಚೆಂಡು ಇಟ್ಟು, ಒಬ್ಬೊಬ್ಬರಿಗೆ ಕಾಲು ನಿಮಿಷ ಕೊಟ್ಟರೂ ಒಂದು ಮಗುವಿನ ಸರದಿ ಮತ್ತೆ ಬರಲು ಐದು ನಿಮಿಷ. ಅದೇ ಐದು ಬಟ್ಟೆ ಚೆಂಡು ಇದ್ದರೆ ನಾಲ್ಕು ನಾಲ್ಕು ಮಕ್ಕಳ ಗುಂಪು, ಒಂದು ನಿಮಿಷದಲ್ಲಿ ಸರದಿ ಬಂತು.

ನಲಿಕಲಿಯ, ಅಂದರೆ ಆಡುತ್ತಾ ಕಲಿಯುವ ಪದ್ಧತಿಯ, 1ರಿಂದ 3ನೇ ತರಗತಿ ಮಕ್ಕಳಿಗೆ ಅಂಕ, ಸೋಲು ಗೆಲುವು ಬೇಡ. ಓಡುವುದು, ಕುಪ್ಪಳಿಸುವುದು, ಉರುಳುವುದು, ಹತ್ತುವುದು ಸಾಕು. 4 ಮತ್ತು 5ಕ್ಕೆ ಲಗೋರಿ, ಚಿಕ್ಕ ಅಂಗಳದ ಖೋ-ಖೋ. 6ರ ಮೇಲೆ ನಿಯಮವಿರುವ ಆಟಗಳು. ಇಬ್ಬರೇ ಶಿಕ್ಷಕರಿದ್ದರೆ ದೊಡ್ಡ ಮಕ್ಕಳಿಗೆ ಒಂದೊಂದು ಗುಂಪು ನೋಡಿಕೊಳ್ಳಲು ಹೇಳಿ, ಆದರೆ ಅದೇ ಮಗು ದಿನಾ ಲೀಡರ್ ಆಗದಿರಲಿ.

ತಂಡ ಮಾಡುವಾಗ ಇಬ್ಬರು ನಾಯಕರನ್ನು ನಿಲ್ಲಿಸಿ ಬೇಕಾದವರನ್ನು ಕರೆಸುವ ಪದ್ಧತಿ ಬಿಟ್ಟುಬಿಡಿ. ಕೊನೆಗೆ ಉಳಿಯುವ ಮಗು ಯಾವಾಗಲೂ ಒಂದೇ ಆಗಿರುತ್ತದೆ. ಒಂದು-ಎರಡು ಎಣಿಸಿ ತಂಡ ಮಾಡಿ. ಕಿವಿ ಕೇಳದ ಮಗು ಇದ್ದರೆ ಸೀಟಿಯ ಜೊತೆ ಕರವಸ್ತ್ರವನ್ನೂ ಬೀಸಿ. ಕಣ್ಣು ಕಾಣದ ಮಗುವಿಗೆ ಚೆಂಡಿನೊಳಗೆ ಗೆಜ್ಜೆ ಹೊಲಿಯಿರಿ. ನಡೆಯಲು ಕಷ್ಟ ಇರುವ ಮಗುವಿಗೆ ಗುರಿ ಎಸೆತದಲ್ಲಿ ಜಾಗ ಕೊಡಿ, ಸ್ಕೋರ್ ಬರೆಯಲು ಮಾತ್ರ ಕೂರಿಸಬೇಡಿ. ದೊಡ್ಡ ತರಗತಿಯ ಹುಡುಗಿಯರು ಸ್ಕರ್ಟ್ ಅನ್ನುವ ಕಾರಣಕ್ಕೇ ಹಿಂದೆ ಸರಿಯುತ್ತಾರೆ. ಆಟದ ದಿನ ಚೂಡಿದಾರ್ ಪ್ಯಾಂಟ್ ಅಥವಾ ಟ್ರ್ಯಾಕ್ ಪ್ಯಾಂಟ್ ಹಾಕಿ ಬನ್ನಿ ಅಂತ ಟೀಚರ್ ಒಬ್ಬರು ಹೇಳಿದರೆ ಸಾಕು. ಮುಟ್ಟಿನ ದಿನ ಆಡಬೇಕೋ ಬೇಡವೋ ಅನ್ನುವುದು ಆ ಹುಡುಗಿಯ ಇಷ್ಟ. ಎಲ್ಲರೆದುರು ಕಾರಣ ಕೇಳಬಾರದು.

ಸಾಮಾನು ತೋಟದಲ್ಲೇ ಇದೆ

ಅಡಿಕೆ ದಬ್ಬೆಯಿಂದ (ಅಡಿಕೆ ಮರ ಸೀಳಿದ ಪಟ್ಟಿ) ಹೈಜಂಪ್ ಕಂಬ, ಪುಟ್ಟ ಹರ್ಡಲ್ಸ್ ಆಗುತ್ತವೆ. ಸಿಗುರು ಕೈಗೆ ಹೊಕ್ಕದಂತೆ ಚೆನ್ನಾಗಿ ಹೆರೆದು, ಮೇಲೆ ಹಳೇ ಬಟ್ಟೆ ಸುತ್ತಿ. ಅಡ್ಡಕ್ಕೆ ಕೋಲು ಬೇಡ, ಮುಟ್ಟಿದರೆ ಬೀಳುವ ಹಗುರ ದಾರ ಸಾಕು. ಅಡಿಕೆ ಹಾಳೆ ಎಳೆಯುವ ಆಟಕ್ಕೆ ಬಾಗಿ ಎಳೆಯುವ ಬಲ, ಕೂರುವವರಿಗೆ ಸಮತೋಲ ಎರಡೂ ಬೇಕು, ಹುಲ್ಲಿನ ಮೇಲೆ ಆಡಿಸಿ. ರಿಲೇ ಬ್ಯಾಟನ್‌ಗೆ 28ರಿಂದ 30 ಸೆಂಟಿಮೀಟರ್ ಉದ್ದದ ನಯವಾದ ಬಿದಿರ ತುಂಡು. ಗುರಿ ಎಸೆಯಲು ಹಳೇ ಸೈಕಲ್ ಟೈರನ್ನು ಮರಕ್ಕೆ ಕಟ್ಟಿ. ದುಡ್ಡು ಖರ್ಚು ಮಾಡುವುದಿದ್ದರೆ ಮೊದಲು ಒಳ್ಳೆಯ ಸ್ಕಿಪ್ಪಿಂಗ್ ಹಗ್ಗಗಳು, 30 ಮೀಟರ್ ಅಳತೆ ಟೇಪು, ಒಂದು ಸ್ಟಾಪ್ ವಾಚ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ. ಕ್ರಿಕೆಟ್ ಕಿಟ್ ಕೊನೆಗೆ, ಅದರಲ್ಲಿ ಒಂದು ಸಲಕ್ಕೆ ಆಡುವವರು ಇಬ್ಬರು ಮೂವರೇ.

ಗೆರೆ ಹಾಕುವ ಲೆಕ್ಕ

ಅಕ್ಟೋಬರ್‌ನಲ್ಲಿ ದಸರಾ ರಜೆ ಮುಗಿದು ಬಂದ ಮೇಲೆ ನೆಲ ಗಟ್ಟಿಯಾಗುತ್ತದೆ. ಆಗ ಗೆರೆ ಹಾಕಿ. ಸುಣ್ಣದ ಪುಡಿ ಕಣ್ಣಿಗೆ ಬಿದ್ದರೆ ಸುಡುತ್ತದೆ. ರಂಗೋಲಿ ಪುಡಿ ಅಥವಾ ಜರಡಿ ಹಿಡಿದ ಬೂದಿ ಬಳಸಿ. ಅಳೆಯಲು ತೆಂಗಿನ ನಾರಿನ ಹಗ್ಗ ಬೇಡ, ಒದ್ದೆಯಾದರೆ ಅಳತೆ ತಪ್ಪುತ್ತದೆ.

ಕಬಡ್ಡಿಗೆ ಸಬ್ ಜೂನಿಯರ್ ಅಂಗಳ 11 ಮೀಟರ್ ಉದ್ದ, 8 ಮೀಟರ್ ಅಗಲ. ಮೂಲೆ ನೇರ ಬಂದಿದೆಯಾ ಎಂದು ನೋಡಲು ಕರ್ಣ ಅಳೆಯಿರಿ, ಎರಡೂ ಕಡೆ 13 ಮೀಟರ್ 60 ಸೆಂಟಿಮೀಟರ್ ಬರಬೇಕು. ಏಳನೇ ತರಗತಿ ಮಕ್ಕಳ ಕೈಗೇ ಟೇಪು ಕೊಡಿ, ಗಣಿತದ ಪಾಠವೂ ಆಗುತ್ತದೆ. ಜಂಬಿಟ್ಟಿಗೆ ಮಣ್ಣಿನಲ್ಲಿ ಕಬಡ್ಡಿ ಆಡಿಸಿದರೆ ಮಂಡಿ ತರಚುತ್ತದೆ. ನಮ್ಮ ಕಡೆ ಸಮತಟ್ಟು ಜಾಗ ಎಂದರೆ ಗದ್ದೆ. ಕೊಯ್ಲು ಮುಗಿದ ಮೇಲೆ ಗದ್ದೆ ಯಜಮಾನರನ್ನು ಕೇಳಿ, ಕೂಳೆ ಕೆತ್ತಿ ತೆಗೆದ ಒಂದು ಗದ್ದೆ ಸಿಕ್ಕರೆ ಜನವರಿ, ಫೆಬ್ರವರಿ ಎರಡು ತಿಂಗಳು ಕಬಡ್ಡಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕೂಳೆ ಇದ್ದ ಹಾಗೇ ಆಡಿಸಬೇಡಿ, ಚುಚ್ಚುತ್ತದೆ.

ಖೋ-ಖೋಗೆ ಪಂದ್ಯದಲ್ಲಿ ಎಂಟು ಜನ ಕೂತು ಒಬ್ಬರು ಅಟ್ಟಿಸಿಕೊಂಡು ಹೋಗಬೇಕು. ನಿಮ್ಮಲ್ಲಿ ಅಷ್ಟು ಮಕ್ಕಳಿಲ್ಲದಿದ್ದರೆ ಐದು ಜನ ಕೂತು ಆಡಲಿ. ಕಂಬ ನೆಲದಿಂದ ಸುಮಾರು 120 ಸೆಂಟಿಮೀಟರ್ ಎತ್ತರ ಇದ್ದು, ತುದಿ ನಯವಾಗಿರಲಿ. ಖೋ-ಖೋದ ಮೊದಲ ವಿಶ್ವಕಪ್ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದು, ಪುರುಷರು ಮತ್ತು ಮಹಿಳೆಯರು ಎರಡೂ ವಿಭಾಗದಲ್ಲಿ ಭಾರತವೇ ಗೆದ್ದಿತು. ಇದನ್ನು ಮಕ್ಕಳಿಗೆ ಹೇಳಿ. ತಾವು ಆಡುವ ಆಟಕ್ಕೂ ವಿಶ್ವಕಪ್ ಇದೆ ಅನ್ನುವುದು ಅವರಿಗೆ ಗೊತ್ತಾಗಲಿ.

ಓಟದ ಟ್ರ್ಯಾಕ್ 200 ಮೀಟರ್ ಮಾಡಲು ನಮ್ಮ ಅಂಗಳ ಸಾಲುವುದಿಲ್ಲ. 100 ಮೀಟರಿನ ಸುತ್ತು ಮಾಡಿ. ಮೊದಲು 25 ಮೀಟರ್ ಉದ್ದ, 15.52 ಮೀಟರ್ ಅಗಲದ ಚೌಕ ಗುರುತಿಸಿ. ಕರ್ಣ 29 ಮೀಟರ್ 43 ಸೆಂಟಿಮೀಟರ್ ಬಂದರೆ ಸರಿ. ಅಗಲದ ಎರಡೂ ಬದಿಯ ನಡುವೆ ಗೂಟ ಹೊಡೆದು, 7.76 ಮೀಟರ್ ತಂತಿ ಕಟ್ಟಿ ಹೊರಗಡೆಗೆ ಅರ್ಧ ವೃತ್ತ ಎಳೆಯಿರಿ. ಇದು ಒಳಗಿನ ಗೆರೆ. ಮಕ್ಕಳು ಅದರಿಂದ 20 ಸೆಂಟಿಮೀಟರ್ ಹೊರಗೆ ಓಡುತ್ತಾರೆ ಎಂದು ಲೆಕ್ಕ ಹಾಕಿದರೆ ಸುತ್ತು ಸರಿಯಾಗಿ 100 ಮೀಟರ್. ಒಂದೊಂದು ಮೀಟರಿನ ಲೇನ್ ಹಾಕಿದರೆ, ಪೂರ್ತಿ ಒಂದು ಸುತ್ತಿನ ಓಟಕ್ಕೆ ಎರಡನೇ ಲೇನಿನ ಮಗು 6.28 ಮೀಟರ್ ಮುಂದಿನಿಂದ ಹೊರಡಬೇಕು, ಮೂರನೆಯದು ಅದರ ಎರಡರಷ್ಟು. ನಾಲ್ಕು ಲೇನಿಗೆ ಸುಮಾರು 49 ಮೀಟರ್ ಉದ್ದ, 24 ಮೀಟರ್ ಅಗಲದ ಜಾಗ ಸಾಕು. ತಿರುವು ಚಿಕ್ಕದು, ಹಾಗಾಗಿ ಮಣ್ಣು ಒಣಗಿದ ಮೇಲೇ ಜೋರು ಓಟ. ನೇರ 50 ಮೀಟರ್ ಓಟಕ್ಕೆ ಗುರಿ ದಾಟಿದ ಮೇಲೂ 15 ಮೀಟರ್ ಖಾಲಿ ಬಿಡಬೇಕು. ಗೋಡೆಗೆ, ಧರೆಗೆ ಎದುರಾಗಿ ಗುರಿ ಗೆರೆ ಹಾಕಬೇಡಿ.

ಹೋಬಳಿ ಕ್ರೀಡಾಕೂಟಕ್ಕೆ ತಯಾರಿ ಹಿಂದಿನ ವರ್ಷವೇ

ಕ್ಲಸ್ಟರ್, ಹೋಬಳಿ ಕ್ರೀಡಾಕೂಟಗಳು ಬರುವುದು ಸಾಮಾನ್ಯವಾಗಿ ಮಳೆಗಾಲದಲ್ಲೇ. ಜುಲೈನಲ್ಲಿ ಸುತ್ತೋಲೆ ನೋಡಿ ತಯಾರಿ ಶುರು ಮಾಡಿದರೆ ಮೈದಾನ ಕೆಸರು. ಅದಕ್ಕೇ ಘಟ್ಟದ ಅಂಚಿನ ಶಾಲೆಗಳು ಹಿಂದೆ ಬೀಳುತ್ತವೆ. ಮಕ್ಕಳ ಕಾಲಿನಲ್ಲಿ ಕೊರತೆ ಇಲ್ಲ. ದಾರಿ ಒಂದೇ. ನವೆಂಬರ್‌ನಿಂದ ಮಾರ್ಚ್‌ವರೆಗೆ 5, 6ನೇ ತರಗತಿಯ ಎಲ್ಲ ಮಕ್ಕಳಿಗೂ ಓಟ, ಜಿಗಿತ, ರಿಲೇ, ಕಬಡ್ಡಿ, ಖೋ-ಖೋ, ಥ್ರೋಬಾಲ್ ಕಲಿಸಿಬಿಡಿ. ಮಳೆಗಾಲದಲ್ಲಿ ಬ್ಯಾಟನ್ ಕೊಡುವುದು, ತೆಗೆದುಕೊಳ್ಳುವುದು ಜಗಲಿಯಲ್ಲೇ ನಿಂತು ಅಭ್ಯಾಸ ಆಗಲಿ. ಆಯ್ಕೆ ಮಾಡುವ ದಿನ ಎಲ್ಲರಿಗೂ ಅವಕಾಶ ಕೊಟ್ಟು, ಸಮಯ, ಅಳತೆ ಬೋರ್ಡಿನ ಮೇಲೆ ಬರೆಯಿರಿ. ಆಯ್ಕೆಯಾದವರಿಗೆ ವಿಶೇಷ ಅಭ್ಯಾಸ ಬೇಕು ಅಂದರೆ ಬೇರೆ ಹೊತ್ತಿನಲ್ಲಿ ಮಾಡಿಸಿ. ಉಳಿದವರ 20 ನಿಮಿಷ ಉಳಿದವರದೇ.

ಹೋಗಿ ಬರುವ ಗಾಡಿ, ಒಣ ಬಟ್ಟೆ, ಕುಡಿಯುವ ನೀರು, ಪೋಷಕರ ಒಪ್ಪಿಗೆ, ಹುಡುಗಿಯರ ಜೊತೆಗೆ ಟೀಚರ್ ಅಥವಾ ತಾಯಿಯೊಬ್ಬರು. ಇವಿಷ್ಟು ಮರೆಯಬೇಡಿ.

ಶಾಲೆಯ ಕ್ರೀಡಾ ದಿನ

ಆಗಸ್ಟ್ 29, ಹಾಕಿ ಮಾಂತ್ರಿಕ ಧ್ಯಾನ್ ಚಂದ್ ಹುಟ್ಟಿದ ದಿನ, ರಾಷ್ಟ್ರೀಯ ಕ್ರೀಡಾ ದಿನ. ಆದರೆ ಅಂದು ನಮ್ಮಲ್ಲಿ ಮಳೆ. ಅಂದು ಜಗಲಿ ಆಟ ಆಡಿಸಿ, ದೊಡ್ಡ ಕ್ರೀಡಾ ದಿನವನ್ನು ಬೇಸಿಗೆ ಕಡೆಗೆ ಇಟ್ಟುಕೊಳ್ಳಿ. ಅಡಿಕೆ ಗೊನೆ ಕೊಯ್ಯುವ, ಸುಲಿಯುವ ಕೆಲಸ ಜೋರಿರುವಾಗ ಊರಿನವರಿಗೆ ಬಿಡುವಿಲ್ಲ. ಎಸ್‌ಡಿಎಂಸಿಯವರನ್ನು ಕೇಳಿ ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ದಿನ ಗೊತ್ತು ಮಾಡಿ.

ಓಟದ ಗುಂಪು ಮಾಡುವ ಬಗೆ ಬದಲಿಸಿ. ಒಂದು ವಾರ ಮೊದಲು ಎಲ್ಲರ 50 ಮೀಟರ್ ಸಮಯ ಬರೆದುಕೊಂಡು, ಹತ್ತಿರ ಹತ್ತಿರದ ಸಮಯದವರನ್ನು ನಾಲ್ಕೈದು ಜನರ ಗುಂಪು ಮಾಡಿ ಓಡಿಸಿ. ಆಗ ಪ್ರತಿ ಗುಂಪಿನಲ್ಲೂ ನಿಜವಾದ ಪೈಪೋಟಿ ಇರುತ್ತದೆ. ನಿಧಾನ ಓಡುವ ಮಗುವಿಗೂ ಗೆಲ್ಲುವ ದಾರಿ ಸಿಗುತ್ತದೆ. ಔಟಾದವರು ಹೊರಗೆ ಕೂರುವ ಕುರ್ಚಿ ಆಟದಂಥವು ಕಡಿಮೆ ಇರಲಿ. ಅದರಲ್ಲಿ ಮೊದಲು ಹೊರಗೆ ಹೋಗುವುದು ಆಟ ಹೆಚ್ಚು ಬೇಕಾದ ಮಗುವೇ. ತಾಯಂದಿರ ಹಗ್ಗ ಜಗ್ಗಾಟ ಖಂಡಿತ ಇಡಿ. ಭಾಷಣ ಚಿಕ್ಕದಿರಲಿ, ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ ಅತಿಥಿಗಳಿಗೆ ಕಾಯಿಸುವುದು ಬೇಡ.

ಗಾಯ, ಇಂಬಳ, ಉಣುಗು

ಶಾಲೆಯ ಯಾವ ಮೂಲೆಯಲ್ಲಿ ಫೋನ್ ಸಿಗ್ನಲ್ ಸಿಗುತ್ತದೆ ಎಂದು ಎಲ್ಲ ಶಿಕ್ಷಕರಿಗೂ, ದೊಡ್ಡ ಮಕ್ಕಳಿಗೂ ಗೊತ್ತಿರಬೇಕು. 108ರ ಜೊತೆಗೆ ಊರಿನ ಆಟೋ ಅಥವಾ ಜೀಪಿನವರ ನಂಬರ್, ಪ್ರಾಥಮಿಕ ಆರೋಗ್ಯ ಕೇಂದ್ರದ ನಂಬರ್ ಗೋಡೆ ಮೇಲಿರಲಿ.

ತರಚಿದರೆ ಸೋಪು, ಶುದ್ಧ ನೀರಿನಲ್ಲಿ ಮರಳು ಹೋಗುವವರೆಗೆ ತೊಳೆಯಿರಿ. ಉಳುಕಿದರೆ ತಣ್ಣೀರ ಬಟ್ಟೆ ಇಟ್ಟು ಕಾಲು ಎತ್ತರದಲ್ಲಿಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ. ಮೂಳೆ ಮುರಿದ ಅನುಮಾನ ಇದ್ದರೆ ದಬ್ಬೆ, ಬಟ್ಟೆ ಕಟ್ಟಿ ಅಲುಗದಂತೆ ಮಾಡಿ ಆಸ್ಪತ್ರೆಗೆ. ತಲೆಗೆ ಪೆಟ್ಟು ಬಿದ್ದು ವಾಂತಿ, ಮಂಪರು ಬಂದರೆ ಒಂದು ನಿಮಿಷವೂ ಕಾಯಬೇಡಿ. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಮಾಡದೆ, ಮಗುವನ್ನು ನಡೆಸದೆ ಎತ್ತಿಕೊಂಡು ಆಸ್ಪತ್ರೆಗೆ ಹೋಗಬೇಕು. ಗುಡುಗು ಕೇಳಿದ ಕೂಡಲೇ ಆಟ ನಿಲ್ಲಿಸಿ ಕಟ್ಟಡದೊಳಗೆ ಬನ್ನಿ, ಮರದ ಕೆಳಗೆ ನಿಲ್ಲಬಾರದು.

ಇಂಬಳಕ್ಕೆ, ಅಂದರೆ ಜಿಗಣೆಗೆ, ಹೆದರುವುದು ಬೇಡ. ಉಪ್ಪು ತಾಗಿಸಿದರೆ ಬಿಡುತ್ತದೆ. ಅದರ ಎಂಜಲಿನಿಂದ ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ, ಅದಕ್ಕೇ ತುಂಬ ಹೊತ್ತು ರಕ್ತ ಬರುವುದು. ತೊಳೆದು, ಶುದ್ಧ ಬಟ್ಟೆಯಲ್ಲಿ ಒತ್ತಿ ಹಿಡಿಯಿರಿ.

ಉಣುಗಿನ, ಅಂದರೆ ಉಣ್ಣೆ ಹುಳುವಿನ, ವಿಷಯ ಹಾಗಲ್ಲ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ. ಅದು ಹರಡುವುದು ಉಣುಗು ಕಚ್ಚಿ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ. ಅಂದರೆ ನಾವು ಮಕ್ಕಳನ್ನು ಜಾಸ್ತಿ ಹೊರಗೆ ಆಡಿಸುವ ತಿಂಗಳುಗಳಲ್ಲೇ. ಅಂಗಳದ ಅಂಚಿನ ದರಗು (ಒಣಗಿ ಉದುರಿದ ಎಲೆ) ಗುಡಿಸಿ ತೆಗೆಯಿಸಿ. ದರಗಿನ ಮೇಲೆ ಮಕ್ಕಳು ಕೂರಬಾರದು. ಕಾಡಿನೊಳಗೆ ಹೋದ ಚೆಂಡಿಗೆ ಮಗುವನ್ನು ಕಳಿಸಬೇಡಿ. ಆಟ ಮುಗಿದ ಮೇಲೆ ಕಾಲು, ಕುತ್ತಿಗೆ, ಕಿವಿಯ ಹಿಂದೆ ನೋಡಿಕೊಳ್ಳಲು ಕಲಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದ ಮಗುವನ್ನು ಅವತ್ತೇ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಆರೋಗ್ಯ ಇಲಾಖೆಯವರು ಹಂಚುವ ಉಣುಗು ತಡೆಯುವ ಎಣ್ಣೆಯನ್ನು ಮಕ್ಕಳಿಗೆ ಹಚ್ಚುವ ಬಗೆಯನ್ನು ಅವರಿಂದಲೇ ಕೇಳಿಕೊಳ್ಳಿ.

ವರ್ಷಕ್ಕೆ ಎರಡು ಸಲ ಅಳತೆ

ನವೆಂಬರ್‌ನಲ್ಲಿ ಒಮ್ಮೆ, ಫೆಬ್ರವರಿ ಕೊನೆಗೆ ಒಮ್ಮೆ. ಚಿಕ್ಕವರಿಗೆ ಎತ್ತರ, ತೂಕ ಮತ್ತು ಮೇಲೆ ಹೇಳಿದ ಎರಡು ಜಗಲಿ ಆಟ. 9 ವರ್ಷ ಮೇಲ್ಪಟ್ಟವರಿಗೆ 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ (ನಮ್ಮ ಟ್ರ್ಯಾಕಿನಲ್ಲಿ ಆರು ಸುತ್ತು), ಕೂತು ಮುಂದಕ್ಕೆ ಬಾಗುವುದು, 30 ಸೆಕೆಂಡಿನಲ್ಲಿ ಎಷ್ಟು ಸಲ ಮಲಗಿ ಅರ್ಧ ಏಳುತ್ತಾರೆ, ಪುಷ್ ಅಪ್. ತೂಕವನ್ನು ಗಟ್ಟಿಯಾಗಿ ಓದಬೇಡಿ. ಸಮಯ, ಎಣಿಕೆಯನ್ನು ಬೇರೆ ಮಗುವಿನ ಜೊತೆ ಹೋಲಿಸದೆ ಅದೇ ಮಗುವಿನ ನವೆಂಬರ್ ಪುಟದ ಜೊತೆ ಹೋಲಿಸಿ ಅದಕ್ಕೇ ತೋರಿಸಿ. 600 ಮೀಟರ್‌ನಲ್ಲಿ ಎರಡು ಸುತ್ತಿಗೇ ನಿಲ್ಲುತ್ತಿದ್ದವನು ಈಗ ನಾಲ್ಕು ಸುತ್ತು ಓಡಿ ಎರಡು ಸುತ್ತು ನಡೆದರೆ ಅದು ಈ ವರ್ಷದ ದೊಡ್ಡ ಫಲಿತಾಂಶ. ಅದನ್ನು ಪೋಷಕರ ಸಭೆಯಲ್ಲಿ ಅಂಕಪಟ್ಟಿಯ ಜೊತೆಗೇ ಹೇಳಿ.

ಯಾರದಾದರೂ ಅಳತೆ ಕೆಳಗೆ ಇಳಿದಿದ್ದರೆ ಬೈಯಬೇಡಿ, ಕಾರಣ ಹುಡುಕಿ. ರಕ್ತ ಕಡಿಮೆ ಇರಬಹುದು, ಜಂತುಹುಳು ಇರಬಹುದು, ಮನೆಯಲ್ಲಿ ತೊಂದರೆ ಇರಬಹುದು. ಆರೋಗ್ಯ ಕೇಂದ್ರಕ್ಕೆ ತೋರಿಸಲು ಪೋಷಕರಿಗೆ ಹೇಳಿ. ಏಪ್ರಿಲ್ ರಜೆಗೆ ಮೊದಲು ಹರಿದ ಚೆಂಡು, ಸವೆದ ಹಗ್ಗ ಎಷ್ಟು ಎಂದು ಅದೇ ನೋಟ್‌ಬುಕ್‌ನ ಕೊನೆ ಪುಟದಲ್ಲಿ ಬರೆದು, ಮುಂದಿನ ಎಸ್‌ಡಿಎಂಸಿ ಸಭೆಗೆ ಇಡಿ. ನಿಮಗೆ ವರ್ಗಾವಣೆ ಆದರೆ ನೋಟ್‌ಬುಕ್ ಶಾಲೆಯಲ್ಲೇ ಬಿಟ್ಟು ಹೋಗಿ.